ಘಾಟಿಯ ತಲೆಯಲ್ಲಿ ಲೈನ್ ಕ್ಲಿಯರ್

ನಾವು ಚಿಕ್ಕವರಿದ್ದಾಗ ದಾರಿಯನ್ನು ಮನುಷ್ಯರನ್ನು ಕೇಳಿಯೇ ತಿಳಿದುಕೊಳ್ಳಬೇಕಾಗಿತ್ತು. ಪ್ರಯಾಣ ಹೊರಟವರು ಎದುರಿಗೆ ಬಂದ ಗಾಡಿಯನ್ನು ನಿಲ್ಲಿಸಿ, ಸೇತುವೆ ಸರಿಯಾಗಿದೆಯೇ, ಮುಂದೆ ಪೆಟ್ರೋಲು ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಅವರೂ ಅವಸರವಿಲ್ಲದೆ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ನೀವು ಯಾವ ಊರಿನವರು, ಯಾರ ಮನೆಗೆ ಹೊರಟಿರಿ ಎಂದು ತಿರುಗಿ ಕೇಳುತ್ತಿದ್ದರು. ನನ್ನ ಓರಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಂದೆ ಅರಸೀಕೆರೆಯ ಹತ್ತಿರದ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಹಳಿಯ ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸು. ಒಗೆದು ಹರವಿದ ಬಟ್ಟೆಗೂ ಬಿಸಿಲಿಗಿಟ್ಟ ಸಂಡಿಗೆಗೂ ಕಲ್ಲಿದ್ದಲ ಹೊಗೆಯ ವಾಸನೆ. ಮನೆಯಲ್ಲಿ ಎಲ್ಲಕ್ಕೂ ವೇಳೆ ಗೊತ್ತಾಗಿತ್ತು. ಬೆಳಗಿನ ರೈಲು ದಾಟುವುದರೊಳಗೆ ಸ್ನಾನ, ಗೂಡ್ಸ್ ಗಾಡಿ ಬರುವುದರೊಳಗೆ ಮಗ್ಗಿ, ಕೊನೆಯ ಪ್ಯಾಸೆಂಜರ್ ಹೋದ ಮೇಲೆ ಮಾತಿಲ್ಲ. ಆ ಶಿಸ್ತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೆನಡಾಕ್ಕೆ ಬಂದು, ನ್ಯೂಮಾರ್ಕೆಟ್ಟಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತಳಾಗಿ, ಈಗ ಮಿಸಿಸಾಗದಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿಯೂ ಸಾರಿಗೆ ಒಗ್ಗರಣೆ ಬೀಳುವ ಹೊತ್ತು ಬದಲಾಗಿಲ್ಲ.

ನಮ್ಮದು ಒಂಟಿ ಹಳಿಯ ಮಾರ್ಗ. ಮುಂದಿನ ಸ್ಟೇಷನ್ನಿನವರು ದಾರಿ ಖಾಲಿಯಿದೆ ಎಂದು ತಿಳಿಸುವವರೆಗೆ ರೈಲನ್ನು ಬಿಡುವಂತಿರಲಿಲ್ಲ. ಹಾಗೆ ತಿಳಿಸುವುದಕ್ಕೆ ಲೈನ್ ಕ್ಲಿಯರ್ ಎನ್ನುತ್ತಿದ್ದರು. ಗಾಡಿಯೊಳಗೆ ಎಂಥ ದೊಡ್ಡ ಸಾಹೇಬರು ಕೂತು ಚಡಪಡಿಸುತ್ತಿದ್ದರೂ ಲೈನ್ ಕ್ಲಿಯರ್ ಬಾರದೆ ಅಪ್ಪ ಹಸಿರು ಬಾವುಟ ಎತ್ತುತ್ತಿರಲಿಲ್ಲ. ಮಕ್ಕಳಾದ ನಮಗೆ ಅದೇ ಆಟ. ಖಾಲಿ ಬೆಂಕಿಪೊಟ್ಟಣಗಳನ್ನು ದಾರಕ್ಕೆ ಪೋಣಿಸಿ ಜಗುಲಿಯ ಮೇಲೆ ಎಳೆಯುತ್ತಿದ್ದೆವು. ಆ ತುದಿಯಲ್ಲಿ ಕೂತವಳು "ಕ್ಲಿಯರ್" ಎನ್ನುವವರೆಗೆ ಈ ತುದಿಯ ರೈಲು ಅಲ್ಲಾಡುವಂತಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲ. ಅಮ್ಮನ ತಮ್ಮ ರಾಮು ಮಾವ ಹಳೆಯದೊಂದು ಹಿಲ್ಮನ್ ಕಾರು ಕೊಂಡು, ನಮಗೆ ತೋರಿಸಲೆಂದೇ ಶಿವಮೊಗ್ಗದಿಂದ ಓಡಿಸಿಕೊಂಡು ಬಂದ. ಬಾಗಿಲು ತೆಗೆದರೆ ಪೆಟ್ರೋಲು, ಹಳೆಯ ಚರ್ಮ, ಮಾವನ ತಲೆಗೆಣ್ಣೆ, ಮೂರೂ ಸೇರಿದ ವಾಸನೆ.

"ಭಾವ, ರಜ ಹಾಕಿ. ಎಲ್ರೂ ಸಮುದ್ರ ನೋಡ್ಕೊಂಡು ಬರೋಣ" ಎಂದ.

"ಸಮುದ್ರಕ್ಕೆ ನಮ್ಮ ಕಡೆಯಿಂದ ರೈಲಿಲ್ಲ" ಎಂದರು ಅಪ್ಪ, ಅಲ್ಲಿಗೆ ಮಾತು ಮುಗಿಯಿತು ಎನ್ನುವ ಹಾಗೆ.

"ಅದಕ್ಕೇ ಅಲ್ವೇ ಕಾರು ತಂದಿರೋದು."

ನಮ್ಮಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಅಮ್ಮ ಒಳಗಿನಿಂದ ಕೋಡುಬಳೆಯ ತಟ್ಟೆ ತಂದಿಟ್ಟು ಅಲ್ಲೇ ಕೂತಳು. ಅಮ್ಮ ಕೂತರೆ ಆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲವೆಂದು ಅರ್ಥ. ಮಾವ ಕೋಡುಬಳೆಗಳನ್ನು ಜಗುಲಿಯ ಮೇಲೆ ಮೂರು ಸಾಲಾಗಿ ಜೋಡಿಸಿ ದಾರಿ ವಿವರಿಸಿದ. ಒಂದೊಂದು ಕೋಡುಬಳೆಯೂ ಒಂದು ತಿರುವು. ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದರೆ ತಿರುವು ಕಡಿಮೆ. ಚಿಕ್ಕಮಗಳೂರು, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದರೆ ಕಣ್ಣಿಗೆ ಹಬ್ಬ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಇಳಿಯುವುದು ಮೂರನೆಯದು. ಅದರ ಸಾಲಿಗೆ ಕೋಡುಬಳೆ ಸಾಲದೆ ಎರಡನ್ನು ಮುರಿದು ನಾಲ್ಕು ಮಾಡಬೇಕಾಯಿತು.

"ಯಾವ ದಾರೀಲಿ ಸಮುದ್ರ ಮೊದ್ಲು ಕಾಣುತ್ತೆ?" ಎಂದು ನಾನು ಕೇಳಿದೆ.

"ಆಗುಂಬೇಲಿ. ಇಳಿಯೋಕೆ ಮುಂಚೇನೇ, ಬೆಟ್ಟದ ಮೇಲಿಂದಾನೇ ಕಾಣುತ್ತೆ ಪುಟ್ಟಿ. ಸಂಜೆ ಸೂರ್ಯ ಅದ್ರೊಳಗೆ ಮುಳುಗೋದು ನೋಡ್ಬೇಕು."

"ಹಾಗಾದ್ರೆ ಅದೇ" ಎಂದೆ.

ಅಪ್ಪ ಕೋಡುಬಳೆಗಳನ್ನೂ ನನ್ನನ್ನೂ ನೋಡಿದರು. ನನಗೆ ಬಸ್ಸು ಹತ್ತಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಹಾಸನದ ಬಸ್ಸಿನಲ್ಲಿ, ಬೇಲೂರಿನ ಬಸ್ಸಿನಲ್ಲಿ ನಾನು ಮಾಡಿದ ರಾದ್ಧಾಂತ ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. "ಇವಳನ್ನು ಪಕ್ಕದ ಕ್ವಾರ್ಟರ್ಸಿನ ಗಾರ್ಡ್ ಮನೇಲಿ ಬಿಟ್ಟು ಹೋಗೋಣ" ಎಂದರು.

"ಅವಳನ್ನ ಬಿಟ್ಟು ನನಗೆ ಯಾವ ಸಮುದ್ರಾನೂ ಬೇಡ" ಎಂದಳು ಅಮ್ಮ. "ರಾಮು, ಮೊದ್ಲು ಆ ತಿರುವುಗಳನ್ನೆಲ್ಲ ಎತ್ತಿ ತಟ್ಟೆಗೆ ಹಾಕು, ಇರುವೆ ಬರುತ್ತೆ."

ಅಪ್ಪ ಕೊನೆಗೊಂದು ನಿಯಮ ಮಾಡಿದರು. ಶಿವಮೊಗ್ಗದವರೆಗೆ ನನ್ನನ್ನು ಕರೆದುಕೊಂಡು ಹೋಗುವುದು. ಅಷ್ಟರೊಳಗೆ ವಾಂತಿಯಾದರೆ ಅಲ್ಲಿಂದ ಅವರೇ ನನ್ನನ್ನು ರೈಲಿನಲ್ಲಿ ವಾಪಸ್ಸು ತರುವುದು. ಅಮ್ಮ, ಮಾವ ಮುಂದೆ ಹೋಗುವುದು. ಶಿವಮೊಗ್ಗದಿಂದಾಚೆಗೆ ನಮ್ಮ ದಾರಿಯಲ್ಲಿ ರೈಲಿಲ್ಲ. ಆದ್ದರಿಂದ ತೀರ್ಮಾನವೂ ಅಲ್ಲೇ ಆಗಬೇಕು.

ಕತ್ತಲಿರುವಾಗಲೇ ಹೊರಟೆವು. ಅಪ್ಪ, ಮಾವ ಮುಂದೆ, ಅಮ್ಮ, ನಾನು ಹಿಂದೆ. ಬುಟ್ಟಿಯಲ್ಲಿ ಬಾಳೆಲೆಗೆ ಕಟ್ಟಿದ ಪುಳಿಯೋಗರೆ, ಕೂಜದಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ. ನನ್ನ ಕೈಗೆ ಅಮ್ಮ ಒಂದು ನಿಂಬೆಹಣ್ಣು ಕೊಟ್ಟಿದ್ದಳು. ಅದನ್ನು ಉಗುರಿನಿಂದ ಗೀರಿ ಮೂಸುತ್ತಾ, ಕಡೂರು, ಬೀರೂರು, ತರೀಕೆರೆ ದಾಟಿದೆ. ಆ ರಸ್ತೆ ಬಹುತೇಕ ನೆಟ್ಟಗಿತ್ತು. ಶಿವಮೊಗ್ಗದಲ್ಲಿ ಅಪ್ಪ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಸರಿ, ಮುಂದಕ್ಕೆ" ಎಂದರು.

ತೀರ್ಥಹಳ್ಳಿಯಿಂದ ಮುಂದೆ ರಸ್ತೆ ಬಳುಕತೊಡಗಿತು. ನಿಂಬೆಹಣ್ಣು ಅಷ್ಟು ಹೊತ್ತಿಗೆ ಸತ್ವ ಕಳೆದುಕೊಂಡು ಮೆತ್ತಗಾಗಿತ್ತು. ಬಾಯಲ್ಲಿ ನೀರೂರಿತು. ನಾನು ಹಲ್ಲು ಕಚ್ಚಿ ಕೂತೆ. ಮುಂದೆ ಅಪ್ಪ ಕೈ ಚಾಚಿ ಕಾರಿನ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಅಯ್ಯೋ ಭಾವ, ನನಗೆ ಹಿಂದಿನ ರಸ್ತೆ ಕಾಣಲ್ಲ ಈಗ."

"ನೀನು ಎಂಜಿನ್ ಡ್ರೈವರು, ಮುಂದೆ ನೋಡು. ಹಿಂದೆ ನೋಡೋಕೆ ಗಾರ್ಡ್ ಇರ್ತಾನೆ."

ಬಿಸಿಲು ಇಳಿಯುವ ಹೊತ್ತಿಗೆ ಆಗುಂಬೆ ಊರು ದಾಟಿ ಘಾಟಿಯ ತಲೆಗೆ ಬಂದೆವು. ರಸ್ತೆ ಅಲ್ಲಿ ಒಮ್ಮೆಲೇ ಕೆಳಕ್ಕೆ ಮಡಿಚಿಕೊಂಡಿತು. ಇನ್ನೊಂದು ತಿರುವು ಬಂದರೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಅಪ್ಪ, "ನಿಲ್ಲಿಸು" ಎಂದರು.

"ಯಾಕೆ ಭಾವ?"

"ಒಂದು ಗಾಡಿ ಹೋಗೋಷ್ಟೇ ದಾರಿ ಇದು. ಲೈನ್ ಕ್ಲಿಯರ್ ಇಲ್ದೆ ಇಳಿಯೋದು ಬೇಡ. ಕೆಳಗಿಂದ ಒಂದು ಗಾಡಿ ಬರಲಿ. ದಾರಿ ಹೇಗಿದೆ ಅಂತ ಕೇಳಿ ಹೊರಡೋಣ."

ಮಾವ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಬಸ್ಸುಗಳು, ಲಾರಿಗಳು ದಿನಾ ಇಳಿಯುತ್ತವೆ, ಇದು ರೈಲಲ್ಲ, ಕಾರು, ಎದುರಿಗೆ ಬಂದರೆ ಪಕ್ಕಕ್ಕೆ ಸರಿಯಬಹುದು ಎಂದೆಲ್ಲ ಹೇಳಿದ. ಅಪ್ಪ ಆಗಲೇ ಕೆಳಗಿಳಿದು, ಕೈ ಹಿಂದೆ ಕಟ್ಟಿ, ಪ್ಲಾಟ್‌ಫಾರಮ್ಮಿನ ಮೇಲೆ ನಡೆಯುವ ಹಾಗೆ ರಸ್ತೆಯ ಅಂಚಿನಲ್ಲಿ ಶತಪಥ ಹಾಕುತ್ತಿದ್ದರು. ಅಮ್ಮ ನನ್ನನ್ನು ಇಳಿಸಿ, ಮುಖ ತೊಳೆಸಿ, ಮಜ್ಜಿಗೆ ಕುಡಿಸಿದಳು. ತಣ್ಣನೆಯ ಗಾಳಿ ಬೀಸುತ್ತಿತ್ತು. ರಸ್ತೆ ಬದಿಯ ಕಲ್ಲು ಆರಿಸಿಕೊಂಡು ನಾವಿಬ್ಬರೂ ಅಣ್ಣೆಕಲ್ಲು ಆಡಲು ಕೂತೆವು. ಅಮ್ಮ ಮನೆಯಲ್ಲಿ ಎಂದೂ ನನ್ನೊಡನೆ ಹಾಗೆ ಕೂತು ಆಡಿದವಳಲ್ಲ. ಒಮ್ಮೆಗೆ ನಾಲ್ಕು ಕಲ್ಲು ಗುಡಿಸಿ ಹಿಡಿದು, ಸೆರಗು ಸಿಕ್ಕಿಸಿಕೊಂಡು ನನ್ನನ್ನು ಅಣಕಿಸಿದಳು.

ಕೊನೆಗೆ ಕೆಳಗಿನಿಂದ ಒಂದು ಬಾಡಿಗೆ ಕಾರು ಏದುಸಿರು ಬಿಡುತ್ತ ಬಂತು. ಅಪ್ಪ ಅದನ್ನು ನಿಲ್ಲಿಸಿ ವಿಚಾರಿಸಿದರು. ದಾರಿ ಚೆನ್ನಾಗಿದೆ, ಎಲ್ಲೂ ತೊಂದರೆಯಿಲ್ಲ ಎಂದು ಚಾಲಕ ಹೇಳಿದ.

"ಬಂತಲ್ಲ ಭಾವ ಲೈನ್ ಕ್ಲಿಯರ್. ಹತ್ತಿ ಇನ್ನು" ಎಂದ ಮಾವ.

ಅಪ್ಪ ನಮ್ಮ ಕಡೆ ಒಮ್ಮೆ ನೋಡಿದರು. "ಇನ್ನೊಂದು ಬರಲಿ" ಎಂದರು.

"ಯಾವ ಸ್ಟೇಷನ್ನಲ್ಲಿ ಎರಡೆರಡು ಲೈನ್ ಕ್ಲಿಯರ್ ಕೇಳ್ತಾರೆ ಸ್ವಾಮೀ?" ಮಾವನಿಗೆ ಈಗ ನಿಜವಾಗಿಯೂ ಸಿಟ್ಟು ಬಂದಿತ್ತು. "ಕತ್ತಲಾದ ಮೇಲೆ ಇಳಿಸ್ತೀರಾ ನನ್ನನ್ನ?"

ಅಪ್ಪ ಕೈ ಹಿಂದೆ ಕಟ್ಟಿ ಮತ್ತೆ ರಸ್ತೆಯ ಅಂಚಿಗೆ ನಡೆದರು. ಎರಡನೆಯ ಗಾಡಿ ಬರುವ ಹೊತ್ತಿಗೆ ನನಗೆ ಹಸಿವಾಗಿತ್ತು. ಪುಳಿಯೋಗರೆ ತಿನ್ನುತ್ತ ತಲೆಯೆತ್ತಿದಾಗ, ಬೆಟ್ಟಗಳ ಸಾಲು ಮುಗಿದಲ್ಲಿ, ಆಕಾಶದ ಬುಡದಲ್ಲಿ, ಯಾರೋ ತಾಮ್ರದ ತಂತಿ ಎಳೆದ ಹಾಗೆ ಒಂದು ಗೆರೆ ಹೊಳೆಯಿತು.

"ಅದೇ ನೋಡು ಪುಟ್ಟಿ" ಎಂದ ಮಾವ, ಸಿಟ್ಟು ಮರೆತು. ನಾಲ್ಕು ಜನವೂ ಎಲೆ ಕೈಯಲ್ಲಿ ಹಿಡಿದೇ ನಿಂತೆವು. ಸೂರ್ಯ ಆ ಗೆರೆಯ ಮೇಲೆ ಕೂತು, ಚಪ್ಪಟೆಯಾಗಿ, ಒಳಗಿಳಿದ. ಅಮ್ಮ ಎಂಜಲು ಕೈಯೆಂಬುದನ್ನು ಮರೆತು ಕೈ ಮುಗಿದಳು.

ಆಮೇಲೆ ಅಪ್ಪ ನನ್ನನ್ನು ಮುಂದಿನ ಸೀಟಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡು, ಎದುರಿಗೆ ದೀಪ ಕಂಡರೆ ತಕ್ಷಣ ಹೇಳಬೇಕೆಂದು ಕೆಲಸ ಒಪ್ಪಿಸಿದರು. ಮುಸ್ಸಂಜೆಯಲ್ಲಿ ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತ ಘಾಟಿಯಿಡೀ ಇಳಿದೆ. ಹೊಟ್ಟೆಯ ನೆನಪೇ ಬರಲಿಲ್ಲ. ಮರುದಿನ ಮಲ್ಪೆಯ ಮರಳಿನ ಮೇಲೆ ಓಡಿದೆ. ಲೈನ್ ಕ್ಲಿಯರ್ ಕತೆಯನ್ನು ಮಾವ ಮುಂದೆ ಪ್ರತಿ ಮದುವೆಮನೆಯಲ್ಲೂ ಹೇಳಿ ನಗಿಸುತ್ತಿದ್ದ. ಎಲ್ಲರೊಡನೆ ನಾನೂ ನಗುತ್ತಿದ್ದೆ. ಅಪ್ಪ ಎಲೆಯಡಿಕೆ ಮಡಿಚುತ್ತಿದ್ದರು.

ಇದೆಲ್ಲ ಈಗ ನೆನಪಾಗಲು ಕಾರಣ ೨೦೧೮ರ ಈ ಬೇಸಿಗೆ. ಮಗ ಶ್ರೀಧರ ರಜೆಗೆ ಪೂರ್ವದ ಕಡೆ, ಕೇಪ್ ಬ್ರೆಟನ್ ದ್ವೀಪಕ್ಕೆ ಕಾರಿನಲ್ಲಿ ಹೋಗಬೇಕೆಂದು ಯೋಚಿಸಿದ್ದ. ಅಲ್ಲಿ ಬೆಟ್ಟ ಹತ್ತಿ ಸಮುದ್ರದ ಅಂಚಿಗೆ ಇಳಿಯುವ, ಇಳಿದು ಮತ್ತೆ ಹತ್ತುವ ಸುತ್ತುರಸ್ತೆಯಿದೆ. ಮೊಮ್ಮಗಳು ಇಳಾ ಚಳಿಗಾಲದಿಂದಲೂ ಅದರ ಚಿತ್ರ ನೋಡುತ್ತ ಕನಸು ಕಾಣುತ್ತಿದ್ದಳು. ಅವಳಿಗೆ ಹದಿಮೂರು. ಬಣ್ಣ ಅವಳ ಅಮ್ಮನದು, ಹೊಟ್ಟೆ ಮಾತ್ರ ನನ್ನದು.

"ಅಮ್ಮ, ಇಳಾಗೆ ಮೌಂಟನ್ ರೋಡ್ ಆಗಲ್ಲ" ಎಂದ ಶ್ರೀಧರ ಊಟದ ಹೊತ್ತಿಗೆ. "ಅದು ಬಿಟ್ಬಿಡೋಣ. ಹೈವೇಲಿ ಹೋಗಿ ಯಾವ್ದಾದ್ರೂ ಬೀಚ್ ನೋಡ್ಕೊಂಡು ಬರೋಣ."

"ಅಜ್ಜಿ, ದಟ್ಸ್ ನಾಟ್ ಫೇರ್. ಆ ರೋಡ್‌ಗೇ ಹೋಗೋದಲ್ವಾ ನಾವು?" ಇಳಾ ತಟ್ಟೆ ದೂರ ಸರಿಸಿದಳು.

"ಪರೀಕ್ಷೆ ಮಾಡೋಣ" ಎಂದೆ. "ಭಾನುವಾರ ಕ್ಯಾಲೆಡನ್ ಕಡೆ ಗುಡ್ಡದ ರಸ್ತೇಲಿ ಹೋಗೋಣ. ಅಲ್ಲೊಂದು ಕಡಿದಾದ ತಿರುವಿದೆ. ಸರಿಹೋದ್ರೆ ಬೆಟ್ಟ, ಇಲ್ದಿದ್ರೆ ಹೈವೇ." ಮಗ ಒಪ್ಪಿದ. ಯಾರ ಮಾತನ್ನು ಆಡುತ್ತಿದ್ದೇನೆಂದು ಆಗ ನನಗೆ ಹೊಳೆಯಲಿಲ್ಲ.

ಭಾನುವಾರ ಮಗ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ಇಳಾ. ನದಿಯ ಪಕ್ಕದ ರಸ್ತೆ ಬಳುಕತೊಡಗಿದಾಗ ಹಿಂದಿನ ಸೀಟಿನ ಮಾತು ನಿಂತಿತು. ತಿರುಗಿ ನೋಡಿದರೆ ಮಗುವಿಗೆ ನಾಚಿಕೆ, ಮಗನಿಗೆ ಅನುಮಾನ. ಬಿಸಿಲಿಗೆ ಅಡ್ಡ ಮಾಡುವ ಹಲಗೆಯನ್ನು ಮೆಲ್ಲಗೆ ಇಳಿಸಿದೆ. ಅದರ ಹಿಂದೆ ಸಣ್ಣ ಕನ್ನಡಿಯಿರುತ್ತದೆ. ಅದರಲ್ಲಿ ಇಳಾಳ ಮುಖ ಕಂಡಿತು. ಹಲ್ಲು ಕಚ್ಚಿ, ತುಟಿ ಬಿಗಿದು, ಬೆಳ್ಳಗಾಗಿ ಕೂತಿದ್ದಳು.

ಅರವತ್ತು ವರ್ಷಗಳ ನಂತರ ನನಗೆ ಆ ಕನ್ನಡಿ ಅರ್ಥವಾಯಿತು. ಅಪ್ಪನೆಂಬ ಗಾರ್ಡ್ ನೋಡುತ್ತಿದ್ದದ್ದು ಹಿಂದಿನ ರಸ್ತೆಯನ್ನಲ್ಲ, ಹಿಂದಿನ ಸೀಟನ್ನು. ಎರಡನೆಯ ಲೈನ್ ಕ್ಲಿಯರ್ ಯಾರಿಗಾಗಿ ಎಂಬುದೂ ತಿಳಿಯಿತು. ಮಗಳಿಗಾಗಿ ಕಾರು ನಿಲ್ಲಿಸು ಎನ್ನಲು ಬಾರದ ಮನುಷ್ಯ, ನಿಯಮಕ್ಕಾಗಿ ನಿಲ್ಲಿಸಿ, ಬದುಕಿಡೀ ನಗೆಗೀಡಾಗಿದ್ದರು.

"ಶ್ರೀಧರ, ಪಕ್ಕಕ್ಕೆ ನಿಲ್ಸು" ಎಂದೆ.

"ಯಾಕಮ್ಮ?"

"ಲೈನ್ ಕ್ಲಿಯರ್ ಇಲ್ಲ. ಎದುರಿಂದ ಒಂದು ಕಾರು ಬರಲಿ, ಆಮೇಲೆ ಹೋಗೋಣ."

"ಅಮ್ಮ, ಫೋನಲ್ಲಿ ಎಲ್ಲಾ ಕಾಣ್ತಿದೆ. ರೋಡ್ ಖಾಲಿ."

"ಫೋನು ಆ ದಾರೀಲಿ ಹೋಗಿ ನೋಡ್ಕೊಂಡು ಬಂತಾ? ನಿಲ್ಸು."

ಅಗಲವಾದ ಜಾಗ ಸಿಕ್ಕಿದಾಗ ನಿಲ್ಲಿಸಿದ. ಇಳಾ ಇಳಿದು ಮರದ ಕೆಳಗೆ ಕೂತಳು. ಚೀಲದಿಂದ ಮಜ್ಜಿಗೆ ತೆಗೆದೆ. ಅಣ್ಣೆಕಲ್ಲು ಆಡಿ ತೋರಿಸಲು ಹೋದೆ. ನನ್ನ ಬೆರಳು ಈಗ ಕಲ್ಲು ಹಿಡಿಯುವುದಿಲ್ಲ. ಅವಳೇ ಎತ್ತಿಕೊಂಡು, ಬೀಳಿಸಿ, ನಕ್ಕಳು. ಒಂದು ಕಾರು ಹೋಯಿತು. ಗಾಜು ಏರಿಸಿದ್ದವರು ನಮ್ಮ ಕಡೆ ನೋಡಲೂ ಇಲ್ಲ. ಶ್ರೀಧರ ಕೀಲಿ ಕೈಗೆತ್ತಿಕೊಂಡ.

"ಇನ್ನೊಂದು ಬರಲಿ" ಎಂದೆ.

ಇಳಾ ಕಲ್ಲು ಕೆಳಗಿಟ್ಟು ನನ್ನನ್ನು ನೋಡಿದಳು. ಈ ಕಾಲದ ಮಕ್ಕಳಿಗೆ ಅರವತ್ತು ವರ್ಷ ಬೇಕಾಗುವುದಿಲ್ಲ. "ಅಜ್ಜಿ, ಯೂ ಸೆಡ್ ಒನ್ ಕಾರ್." ಆಮೇಲೆ ದನಿ ತಗ್ಗಿಸಿ, "ನನಗೋಸ್ಕರ ನಿಲ್ಸಿದ್ರಾ?"

ನಾನು ಎಲೆಯಡಿಕೆ ಹಾಕುವವಳಲ್ಲ. ಮಡಿಚಲು ಕೈಯಲ್ಲಿ ಏನೂ ಇರಲಿಲ್ಲ. "ಹೌದು" ಎಂದೆ.

ಅವಳನ್ನು ಮುಂದಿನ ಸೀಟಿಗೆ ಕಳಿಸಿ, ಎದುರು ಗಾಡಿ ಕಂಡರೆ ಹೇಳುವ ಕೆಲಸ ಒಪ್ಪಿಸಿ, ನಾನು ಹಿಂದೆ ಕೂತೆ. ಕಡಿದಾದ ತಿರುವು ಬಂದು ಹೋಯಿತು.

ಬರುವ ವಾರ ಹೊರಡುತ್ತೇವೆ. ಉಳಿದಿದ್ದ ಪ್ರಶ್ನೆ ಒಂದೇ, ದ್ವೀಪವನ್ನು ಯಾವ ಕಡೆಯಿಂದ ಸುತ್ತುವುದು. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುವುದರಿಂದ, ಪ್ರದಕ್ಷಿಣೆಯಾಗಿ ಹೋದರೆ ಕಾರು ಬೆಟ್ಟದ ಮಗ್ಗುಲಿಗಿರುತ್ತದೆ, ಅಪ್ರದಕ್ಷಿಣೆಯಾಗಿ ಹೋದರೆ ಸಮುದ್ರದ ಮಗ್ಗುಲಿಗೆ. ಅಪ್ರದಕ್ಷಿಣೆಯನ್ನು ನಾನು ಈವರೆಗೆ ಎಲ್ಲೂ ಹಾಕಿದವಳಲ್ಲ. ಇಳಾ ಕೇಳಿದಳೆಂದು ಒಪ್ಪಿದ್ದೇನೆ.

ದಾರಿ ಹೇಳಲು ಈಗ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಹಿಲ್ಮನ್ನಿನಲ್ಲಿ ಕೂತಿದ್ದ ನಾಲ್ವರಲ್ಲಿ ಉಳಿದವಳು ನಾನೊಬ್ಬಳೇ. ಇಳಾ ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಅಪ್ಪನನ್ನು ಕೇಳಬೇಕಾಗಿತ್ತು. ಅದಕ್ಕೆ ಈಗ ಹೊತ್ತು ಮೀರಿದೆ. ಆದರೆ ಆ ಭಾನುವಾರ ತಿರುವು ದಾಟಿದ ಮೇಲೆ ಇಳಾ ಮುಂದಿನ ಸೀಟಿನಿಂದ ಹಲಗೆ ಇಳಿಸಿ, ಸಣ್ಣ ಕನ್ನಡಿಯಲ್ಲಿ ನನ್ನನ್ನು ಹುಡುಕಿದಳು.

"ಅಜ್ಜಿ, ಹಿಂದೆ ನೀವು ಓಕೆನಾ?"

"ಲೈನ್ ಕ್ಲಿಯರ್" ಎಂದೆ.