ಎಣ್ಣೆ ಡಬ್ಬದ ಕೆಳಗಿನ ಕಾಗದ

ನನ್ನ ತಂಗಿಯ ಮಗಳು ಬಟ್ಟೆ ಹೊಲಿಯುವವಳು. ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಈಗ ಮತ್ತೆ ಬಸುರಿ; ಎರಡನೆಯದಾದರೂ ಸಹಜವಾಗಲಿ ಎಂಬ ಆಸೆ ಅವಳಿಗೆ.

"ಗರ್ಭಕೋಶದ ಕೊಯ್ತ ಕೆಳಗಡೆ ಅಡ್ಡಕ್ಕಿದ್ರೆ ಸಹಜ ಹೆರಿಗೆಗೆ ಪ್ರಯತ್ನ ಮಾಡಬಹುದು, ಉದ್ದಕ್ಕಿದ್ರೆ ಹಳೇ ಗಾಯ ಬಿರಿಯೋ ಭಯ ಜಾಸ್ತಿ. ಆಪರೇಷನ್ ಕಾಗದ ತಗೊಂಡು ಬಾಮ್ಮ," ಎಂದರು ಡಾಕ್ಟರಮ್ಮ.

ಕಾಗದ ಸಿಕ್ಕಿದ್ದು ಅಡುಗೆಮನೆಯ ಗೂಡಿನಲ್ಲಿ, ಎಣ್ಣೆ ಡಬ್ಬದ ಕೆಳಗೆ. ಜಿಡ್ಡು, ಜಿರಳೆ ಹಿಕ್ಕೆ ಮೆತ್ತಿಕೊಂಡಿದ್ದವು. ಹಾಸಿದವಳು ಅವಳ ಅತ್ತೆ.

"ಹೆರಿಗೆ ಮುಗೀತಲ್ಲ, ಇನ್ಯಾಕೆ ಅಂದ್ಕೊಂಡೆ. ನಾನು ನಾಲ್ಕು ಹೆತ್ತೆ, ಒಂದು ಚೀಟೀನೂ ಇಟ್ಟಿಲ್ಲ."

ಗಂಡ ಮೂಗು ಮುಚ್ಚಿಕೊಂಡು ನಕ್ಕ.

"ಗಿರಾಕಿಗಳ ಅಳತೆ ಚೀಟೀನೇ ವರ್ಷಗಟ್ಟಲೆ ಜೋಪಾನ ಮಾಡ್ತೀನಿ ಅತ್ತೆ. ನನ್ನ ಹೊಟ್ಟೆ ಚೀಟಿಗೆ ಈ ಗತಿಯಾ?"

ಅವಳು ಕಾಗದ ಒರೆಸಿ ಓದಿದಳು. ಕೆಳಗಡೆ, ಅಡ್ಡ ಕೊಯ್ತ. ಗಂಡನನ್ನು ಕರೆಯದೆ ಆಸ್ಪತ್ರೆಗೆ ಹೊರಟಳು.