ಮೂವತ್ತೆರಡು ಹಲ್ಲಿನ ಫ್ರೀವೀಲು

ನನ್ನ ತಂಗಿ ಕೇಳಿದ ಒಂದು ಸಾಮಾನನ್ನು ನಾನು ಅವಳ ಸೈಕಲ್ಲಿಗೆ ಹಾಕಿಕೊಡಲಿಲ್ಲ. ಕೈಯಲ್ಲಿ ಇದ್ದೂ ಹಾಕಿಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಪ್ಪನ ವಿಷಯ, ಅಂಗಡಿ ವಿಷಯ ಅಂತ ಊರೆಲ್ಲ ಸುತ್ತಿಸಿ, ಹೇಳಬೇಕಾದದ್ದನ್ನು ಹೇಳದೆ ಎದ್ದುಹೋಗುವ ಜಾಯಮಾನ ನನ್ನದು.

ಹೋದ ವಾರ ಹರಿಹರದ ನಮ್ಮ ಸೈಕಲ್ ಅಂಗಡಿಯಲ್ಲಿ ಏನೋ ಹುಡುಕುತ್ತ ಮೇಲಿನ ಹಲಗೆಯಿಂದ ಹಳೇ ಬಿಸ್ಕತ್ತಿನ ಡಬ್ಬ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಗ್ರೀಸು ಹಚ್ಚಿ ಪೇಪರಿನಲ್ಲಿ ಸುತ್ತಿಟ್ಟ ಉಕ್ಕಿನ ವಾಸನೆ. ಯಾರಾದರೂ ನೋಡಿದರೇನೋ ಎಂಬಂತೆ ತಟ್ಟನೆ ಮುಚ್ಚಿ ಮತ್ತೆ ಮೇಲಿಟ್ಟೆ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ.

ಸೈಕಲ್ಲಿನ ಹಿಂದಿನ ಗಾಲಿಯ ನಡುವೆ ಚೈನು ಕೂರುವ ಹಲ್ಲಿನ ಬಿಲ್ಲೆಗಳಿರುತ್ತವಲ್ಲ, ಅದೇ ಫ್ರೀವೀಲು. ರೇಸ್ ಸೈಕಲ್ಲಿಗೆ ಅಂಥ ಬಿಲ್ಲೆಗಳು ಒಂದರ ಮೇಲೊಂದು ಏಳೆಂಟು ಇರುತ್ತವೆ. ದೊಡ್ಡ ಬಿಲ್ಲೆಗೆ ಹಲ್ಲು ಹೆಚ್ಚಿದ್ದಷ್ಟೂ ಏರು ಹತ್ತುವಾಗ ಕಾಲಿಗೆ ಹಗುರ. ನನ್ನ ಡಬ್ಬದಲ್ಲಿದ್ದದ್ದು ಮೂವತ್ತೆರಡು ಹಲ್ಲಿನದು. ದೇವರು ಬಾಯಿಗೆ ಕೊಟ್ಟಷ್ಟೇ ಲೆಕ್ಕ. ನನ್ನ ಬಾಯಲ್ಲಿ ಈಗ ಎರಡು ಉದುರಿವೆ. ಆ ಫ್ರೀವೀಲಿನಲ್ಲಿ ಒಂದೂ ಸವೆದಿಲ್ಲ.

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತವಳು. ಗಾಲಿಯ ಬೆಂಡು ತೆಗೆಯುವುದನ್ನು ಅಪ್ಪ ನನಗೆ ಕಣ್ಣಿಗಿಂತ ಕಿವಿಯಿಂದ ಕಲಿಸಿದ. ಕಡ್ಡಿಗಳನ್ನು ಬೆರಳಿಂದ ಮೀಟಿದರೆ ಸಡಿಲಾದದ್ದು ತಾನೇ ಬೇರೆ ದನಿಯಲ್ಲಿ ಕೂಗುತ್ತದೆ. ಅಪ್ಪನದು ಇನ್ನೊಂದು ಕಟ್ಟುನಿಟ್ಟು ಇತ್ತು. ಬಂದವರಿಗೆ 'ಇಲ್ಲ' ಅನ್ನುವ ಹಾಗಿಲ್ಲ. "ಇಲ್ಲ ಅಂದ್ರೆ ಮನುಷ್ಯ ಎದ್ದು ಹೋಗ್ತಾನೆ. ನಾಳೆ ಅನ್ನು. ನಾಳೆಗೆ ನೀನೇ ಹೋಗಿ ತಗಂಬಾ" ಅನ್ನುತ್ತಿದ್ದ. ಹಾಗೆ ಅಪ್ಪ ಹೇಳಿದ ನಾಳೆಗಳನ್ನೆಲ್ಲ ದಾವಣಗೆರೆಯಿಂದ ಹೊತ್ತು ತಂದವಳು ನಾನು. ಹೆಗಲಿಗೆ ಟೈರಿನ ಸರ, ಹ್ಯಾಂಡಲ್ಲಿಗೆ ಟ್ಯೂಬಿನ ಚೀಲ. ಗೇರಿಲ್ಲದ ಗಂಡಸರ ಸೈಕಲ್ಲು.

ದಾರಿಯಲ್ಲಿ ಬಾತಿ ಗುಡ್ಡ. ಅದನ್ನು ಹತ್ತುವ ಅಗತ್ಯವೇನೂ ಇರಲಿಲ್ಲ, ರಸ್ತೆ ಅದರ ಪಕ್ಕದಲ್ಲಿ ತಣ್ಣಗೆ ಹೋಗುತ್ತದೆ. ಆದರೂ ವಾಪಸ್ ಬರುವಾಗ ಟೈರು ಹೊತ್ತುಕೊಂಡೇ ಒಂದು ಸಲ ಹತ್ತಿ ಇಳಿಯುತ್ತಿದ್ದೆ. ತೊಡೆ ಉರಿಯುವುದು ಇಷ್ಟವಾಗುತ್ತಿತ್ತು.

ಸುಮಿ ನನಗಿಂತ ಐದು ವರ್ಷ ಚಿಕ್ಕವಳು. ಸೀಟು ಹಿಡಿದು ಹಿಂದೆ ಓಡಿ ಅವಳಿಗೆ ಸೈಕಲ್ಲು ಕಲಿಸಿದವಳು ನಾನು. ಬಾತಿ ಗುಡ್ಡಕ್ಕೆ ಕರೆದೊಯ್ದವಳೂ ನಾನೇ. ಅವಳು ಅರ್ಧಕ್ಕೆ ಇಳಿದು ಅಳುತ್ತಿದ್ದಳು, ನಾನು ಮೇಲೆ ನಿಂತು ಹಲ್ಲು ಕಿಸಿಯುತ್ತಿದ್ದೆ. ಒಂದು ದಿನ ಪಂಕ್ಚರ್ ಹಾಕಿಸಲು ಬಂದ ಒಬ್ಬರು ನಾವಿಬ್ಬರೂ ಸೇತುವೆ ಕಡೆಯಿಂದ ಪೈಪೋಟಿಯಲ್ಲಿ ಬರುವುದನ್ನು ನೋಡಿದರು. ಅವರು ಸೈಕಲ್ ಕೋಚು. ಅಪ್ಪನ ಹತ್ತಿರ, "ಸಣ್ಣಾಕೆನ ನಮ್ಮ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಕಳಿಸ್ರಿ. ದೊಡ್ಡಾಕೆ ಇನ್ನೂ ಚಲೋ ಹೊಡಿತಾಳೆ, ಆದ್ರೆ ವಯಸ್ಸು ದಾಟೈತೆ" ಅಂದರು. ಆಗ ನನಗೆ ಹದಿನೇಳು. ಹದಿನೇಳಕ್ಕೆ ವಯಸ್ಸು ದಾಟಿದ ಹೆಂಗಸು ಹರಿಹರದಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಸುಮಿ ಹಾಸ್ಟೆಲ್ಲಿನಿಂದ ರಜೆಗೆ ಬಂದಾಗಲೆಲ್ಲ ಒಂದೊಂದು ಹೊಸದು ತರುತ್ತಿದ್ದಳು. ಪೆಡಲಿಗೆ ಕಚ್ಚಿಕೊಳ್ಳುವ ಬೂಟು, ಕನ್ನಡಕ, ಮೀನಖಂಡದ ಮೇಲೆ ಹಗ್ಗದಂಥ ನರ. ನಾನು ಅವಳ ಪದಕಗಳನ್ನು ಒರೆಸಿ ಗೋಡೆಗೆ ತೂಗುಹಾಕುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ನಾನು ದಿಟ್ಟಿಸಿದ್ದು ಆ ಮೀನಖಂಡವನ್ನು. ಅವಳು ಮಲಗಿದ್ದಾಗ ನನ್ನ ಕಾಲನ್ನು ಪಕ್ಕಕ್ಕಿಟ್ಟು ಅಳತೆ ನೋಡಿದ್ದೂ ಉಂಟು. ನಗಬೇಡಿ. ನಗುವುದಿದ್ದರೂ ಮೆಲ್ಲಗೆ ನಗಿ.

ಅವಳಿಗೆ ಇಪ್ಪತ್ತಾದ ವರ್ಷ, ಘಟ್ಟ ಹತ್ತುವ ದೊಡ್ಡ ರೇಸಿತ್ತು. ಮೊದಲ ಮೂವರಿಗೆ ಹೊರದೇಶದಲ್ಲಿ ತರಬೇತಿ. ಕೊನೆಯ ತಿರುವಿನಲ್ಲಿ ರಸ್ತೆ ಗೋಡೆಯಂತೆ ನಿಂತಿದೆ, ಮೂವತ್ತೆರಡು ಹಲ್ಲಿನದು ತರಿಸಿ ಹಾಕು ಅಂದಳು. ಕೋಚ್ ಸರ್ ತಮ್ಮ ಮೆಕ್ಯಾನಿಕ್ಕು ಇದ್ದಾನೆ ಅಂದರೆ, "ಬ್ಯಾಡ್ರಿ ಸರ್, ನನ್ನ ಸೈಕಲ್ಲು ನಮ್ಮಕ್ಕನ ಕೈಯಾಗೇ ರೆಡಿ ಆಗ್ಬೇಕು" ಅಂದುಬಿಟ್ಟಳು.

ರೇಸಿಗೆ ನಾಲ್ಕು ದಿನವಿತ್ತು. ಪೇಪರಿನವರು ಅಂಗಡಿಗೆ ಬಂದರು. ಸುಮಿ ಸೈಕಲ್ ಹಿಡಿದು ನಿಂತಳು, ನಾನು ಇನ್ನೊಂದು ಬದಿಗೆ. ಫೋಟೋದವನು, "ಮೇಡಂ, ನೀವು ಒಂಚೂರು ಆಕಡಿಗೆ ಸರೀರಿ, ಕೈಯಾಗಿನ ಗ್ರೀಸು ಬರ್ತೈತೆ" ಅಂದ. ಸರಿದೆ. ಸುಮಿ ಕ್ಯಾಮೆರಾ ನೋಡುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಮಾರನೆಯ ದಿನ ಬಂದ ಪೇಪರಿನ ಫೋಟೋದಲ್ಲಿ ಸುಮಿ ನಗುತ್ತಿದ್ದಳು, ಅಂಚಿನಲ್ಲಿ ನನ್ನ ಒಂದು ಮೊಣಕೈ ಇತ್ತು. ಅದೇ ಮಧ್ಯಾಹ್ನ ದಾವಣಗೆರೆಯ ಬಸ್ಸಿನಲ್ಲಿ ಫ್ರೀವೀಲು ಬಂತು. ಅದನ್ನು ಅದೇ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ ಅನ್ನಬಹುದು. ಆದರೆ ತುಕ್ಕು ಹಿಡಿಯಬಾರದೆಂದು ಗ್ರೀಸು ಹಚ್ಚಿದ್ದೆನಲ್ಲ!

"ಅಕ್ಕ, ಮೂವತ್ತೆರಡರದು ಬಂತಾ?"

"ಇಲ್ಲ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, "ಹೋಗ್ಲಿ ಬಿಡು, ಇರೋದ್ರಾಗೆ ಹತ್ತುತೀನಿ. ನಿನ್ನಂಗೆ ಗಟ್ಟಿ ಕಾಲಿದ್ದಿದ್ರೆ ನಂಗ್ಯಾಕ ಬೇಕಿತ್ತು ಇದು" ಅಂದಳು.

ರೇಸಿನ ದಿನ ಆ ಕೊನೆಯ ತಿರುವಿನಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಮೂವರು ಹತ್ತಿ ಹೋದರು, ಕಾಲು ಕಡೆಗೋಲಿನಂತೆ ಸುತ್ತುತ್ತಿತ್ತು. ಅವರ ಹಿಂದೆ ಸುಮಿ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತ ಬಂದಳು. ಪ್ರತಿ ತುಳಿತಕ್ಕೂ ಚೈನು ಕಿರ್ರೆನ್ನುತ್ತಿತ್ತು. ನನ್ನ ಮುಂದೆಯೇ, ಹತ್ತು ಮಾರು ದೂರದಲ್ಲಿ, ಪೆಡಲು ನಿಂತಿತು. ಇಳಿದಳು. ಆ ಬೂಟಿನಲ್ಲಿ ಟಕ್ ಟಕ್ ಅಂತ ಜಾರುತ್ತ, ಸೈಕಲ್ ನೂಕಿಕೊಂಡು ನನ್ನನ್ನು ದಾಟಿದಳು. ನಾಲ್ಕನೆಯವಳಾದಳು. ಬಾಟಲಿ ನನ್ನ ಕೈಯಲ್ಲೇ ಉಳಿದಿತ್ತು.

ಸಂಜೆ ಅವಳ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿದೆ. "ಕಾಲು ತಿರುಗ್ಲೇ ಇಲ್ಲಕ್ಕ, ಅಷ್ಟೇ" ಅಂದು ಗೋಡೆ ಕಡೆ ಹೊರಳಿದಳು. ತಿಕ್ಕುತ್ತ ನನಗೆ ಸಮಾಧಾನವಾಯಿತು. ಬಾತಿ ಗುಡ್ಡದಲ್ಲಿ ಅರ್ಧಕ್ಕೆ ಇಳಿದು ಅಳುತ್ತಿದ್ದ ನನ್ನ ಸಣ್ಣ ತಂಗಿ ಮತ್ತೆ ಸಿಕ್ಕಳು ಅನ್ನಿಸಿತು. ಮುಚ್ಚಿಟ್ಟದ್ದಕ್ಕಿಂತ ಆ ಸಮಾಧಾನವೇ ನನ್ನನ್ನು ಹೆಚ್ಚು ಸುಟ್ಟಿದೆ.

ಅಂಥ ಅವಕಾಶ ಸುಮಿಗೆ ಇನ್ನೊಮ್ಮೆ ಬರಲಿಲ್ಲ. ಕೆಲವು ವರ್ಷ ಬಯಲಿನ ರೇಸುಗಳಲ್ಲಿ ಸೈಕಲ್ ಹೊಡೆದಳು, ಮಂಡಿ ಕೈಕೊಟ್ಟಿತು, ಈಗ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ ಮಾಡಿ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುತ್ತಾಳೆ. ನಾನು ಅಪ್ಪನ ಸ್ಟೂಲಿನ ಮೇಲೆ ಕೂತಿದ್ದೇನೆ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಹೊರದೇಶದ ರೇಸು ನೋಡುತ್ತೇನೆ. ಇದೂ ನನ್ನ ಒಂದು ಕಳ್ಳ ಅಭ್ಯಾಸವೇ. ಸೈಕಲ್ಲನ್ನೇ ಹೊಟ್ಟೆಪಾಡು ಮಾಡಿಕೊಂಡ ಹುಲಿಯಂಥ ಸವಾರರು ಅವರು. ಅಲ್ಲಿನ ಬೆಟ್ಟಗಳಲ್ಲಿ ಕೆಲವು ಎಷ್ಟು ಕಡಿದೆಂದರೆ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಅಂಥವರೂ ಓಲಾಡುತ್ತಾರೆ, ಒಬ್ಬೊಬ್ಬರು ಇಳಿದು ನೂಕುತ್ತಾರೆ. ನಾನು ನೋಡುವುದೇ ಆ ಇಳಿಯುವವರನ್ನು. 'ನೋಡು, ಇವರೂ ಇಳಿದರು. ಮೂವತ್ತೆರಡಿದ್ದರೂ ಅವಳು ಇಳಿಯುತ್ತಿದ್ದಳು' ಅಂತ ಸಮಾಧಾನ ಮಾಡಿಕೊಳ್ಳುವುದಕ್ಕೆ.

ಆದರೆ ಹೋದ ವಾರ, ಆ ಡಬ್ಬ ಮೇಲಿಟ್ಟ ಮಧ್ಯಾಹ್ನವೇ, ಇನ್ನೊಂದನ್ನು ನೋಡಿದೆ. ಕಡಿದಾದ ಏರಿನಲ್ಲಿ ಒಬ್ಬನ ಚೈನು ಸಿಕ್ಕಿಕೊಂಡಿತು. ಹಿಂದಿನ ಕಾರಿನಿಂದ ಅವರ ಮೆಕ್ಯಾನಿಕ್ಕು ಹಾರಿದ. ನನ್ನಂತೆಯೇ ಮೊಣಕೈವರೆಗೆ ಗ್ರೀಸು. ಗಾಲಿ ಬದಲಿಸಿ, ಸವಾರನ ಬೆನ್ನಿಗೆ ಕೈಯಿಟ್ಟು, ಆ ಗೋಡೆಯಂಥ ಏರಿನಲ್ಲಿ ಬಾಯಿ ತೆರೆದು ಕಿರುಚುತ್ತ ಓಡಿದ. ಸವಾರ ಮುಂದೆ ಹೋದ ಮೇಲೂ ಅವನ ಕೈ ಗಾಳಿಯನ್ನು ನೂಕುತ್ತಲೇ ಇತ್ತು. ಅಲ್ಲಿನ ಕ್ಯಾಮೆರಾದವನು ಗ್ರೀಸು ಬರುತ್ತದೆ ಅಂತ ಅವನನ್ನು ಸರಿಸಲಿಲ್ಲ. ಅಂದು ನನಗೆ ಸವಾರನ ಮೇಲಲ್ಲ, ಆ ಮೆಕ್ಯಾನಿಕ್ಕಿನ ಮೇಲೆ ಹೊಟ್ಟೆಕಿಚ್ಚಾಯಿತು.

ಮೊನ್ನೆ ಭಾನುವಾರ ಸುಮಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಳು. ಅವಳ ಶಿಷ್ಯೆಯೊಬ್ಬಳು ಅದೇ ಘಟ್ಟದ ರೇಸಿಗೆ ಹೊರಟಿದ್ದಾಳಂತೆ.

"ಅಕ್ಕ, ಆ ಹುಡುಗಿಗೂ ನನ್ನಂಥದ್ದೇ ಹಳೇ ಮಾದರಿ ಸೈಕಲ್ಲು. ಮೂವತ್ತೆರಡರದು ಈಗ ಸಿಗೋದೇ ಕಷ್ಟ ಆಗೈತೆ. ನಿನ್ನತ್ರ ಐತಾ?"

ನಾಳೆ ಅಂದಿದ್ದರೆ ಮುಗಿಯುತ್ತಿತ್ತು. ಪೇಪರು ಬಿಸಾಕಿ, ಒರೆಸಿ, ನಾಳೆ ಹೊಸದರಂತೆ ಕೊಡಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ನಾನು ಎದ್ದು ಡಬ್ಬ ಇಳಿಸಿ, ಪೇಪರಿನ ಸಮೇತ ಅವಳ ಮುಂದಿಟ್ಟೆ.

ಸುಮಿ ಬಿಚ್ಚಿದಳು. ಎಣ್ಣೆ ಕುಡಿದು ಪಾರದರ್ಶಕವಾದ ಪೇಪರಿನಲ್ಲಿ ಅವಳದೇ ನಗು.

"ನನಗೆ ಅವತ್ತೇ ಗೊತ್ತಿತ್ತು ಬಿಡಕ್ಕ."

"ಹೆಂಗೆ?"

"ಈ ಅಂಗಡ್ಯಾಗೆ ಯಾರಿಗಾದ್ರೂ 'ಇಲ್ಲ' ಅಂದಿದ್ದು ಐತೇನು? ನನಗೊಬ್ಬಳಿಗೇ ಅಂದಿದ್ದು ನೀನು. 'ನಾಳೆ' ಅಂದಿದ್ರೆ ನಂಬ್ತಿದ್ದೆ."

"ಮತ್ತೆ ಯಾಕ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಭಾಳ ತಡ ಮಾಡಿದೆ ನೋಡು" ಅಂದು, ಮಿರ್ಚಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಕಣ್ಣು ಮಾತ್ರ ರಸ್ತೆಯ ಕಡೆಗಿತ್ತು.

ಡಬ್ಬ ಇಳಿಸಿದರೆ ಹೇಳಿದಂತಾಯಿತು ಅಂದುಕೊಂಡಿದ್ದೆ. ಆಗಿರಲಿಲ್ಲ. ಗ್ರೀಸಿನ ಕೈಯನ್ನು ಸೀರೆಗೆ ಒರೆಸಿಕೊಳ್ಳದೆ ಹಾಗೇ ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ.

"ತಪ್ಪಾತೆ ಸುಮಿ. ನಿನ್ನ ಕಂಡ್ರೆ ಹೊಟ್ಟೆ ಉರಿತಿತ್ತು. ಬಂದಿತ್ತು, ನಾನೇ ಮುಚ್ಚಿಟ್ಟೆ. ನನ್ನ ಕ್ಷಮಿಸೆ."