ಧಾರಣೆಯ ಚೌಕ ಖಾಲಿ ಬಿಡುವ ಗಿಡ್ಡಯ್ಯ

ಬೆಳಕು ಹರಿಯುವ ಹೊತ್ತು. ತಿಪಟೂರಿನ ‘ತೆಂಗುಸೀಮೆ’ ದಿನಪತ್ರಿಕೆಯ ಅಚ್ಚುಕೂಟದಲ್ಲಿ ಗಿಡ್ಡಯ್ಯ ಮೊದಲ ಪುಟದ ಅಚ್ಚುಮೊಳೆಗಳನ್ನು ಚೌಕಟ್ಟಿಗೆ ಬಿಗಿಯುತ್ತಿದ್ದಾರೆ. ಎಲ್ಲ ಸುದ್ದಿಯೂ ಕೂತಿದೆ, ಮೂಲೆಯ ಒಂದು ಚೌಕ ಬಿಟ್ಟು. ದೆಹಲಿಯ ಕೊಬ್ಬರಿ ಧಾರಣೆ ಅಚ್ಚಾಗಬೇಕಾದ ಜಾಗ ಅದು. ಪತ್ರಿಕೆಯ ಕಟ್ಟು ಒಯ್ಯುವ ತುರುವೇಕೆರೆ ಕಡೆಯ ಮೊದಲ ಬಸ್ಸು ಹೊರಡುವುದರೊಳಗೆ ಟ್ರಂಕ್ ಕಾಲ್ ಬರಬೇಕು. ಇವತ್ತು ಊರಿನಲ್ಲಿ ಕೊಬ್ಬರಿ ಹರಾಜಿನ ದಿನ. ಫೋನು ಸದ್ದು ಮಾಡುತ್ತಿಲ್ಲ.

ಗಿಡ್ಡಯ್ಯನವರ ಬಗ್ಗೆ ಬರೆಯಲು ಬಂದಿದ್ದರೂ ನಾನು ಇಲ್ಲಿಗೆ ಮೆಚ್ಚಿಕೊಂಡು ಬಂದವನಲ್ಲ. ಮಾಯಸಂದ್ರದಲ್ಲಿ ಟೀ ಕುಡಿಯುವಾಗ ಕೇಳಿದ ಮಾತು ತಲೆ ಕೊರೆಯುತ್ತಿದೆ. “ಹರಾಜಿನ ದಿನವೇ ಆ ಚೌಕ ಖಾಲಿ ಇರ್ತೈತೆ ಕಣ್ರೀ. ರೈತ್ರಿಗೆ ಧಾರಣೆ ಗೊತ್ತಾಗ್ಬಾರ್ದು ಅಂತ ಮಂಡಿಯೋರು ಮೊಳೆ ಜೋಡ್ಸೋನ ಕೈ ಬೆಚ್ಚಗೆ ಮಾಡವ್ರೆ,” ಎಂದಿದ್ದರು ತೆಂಗಿನ ತೋಟದ ಬೆಟ್ಟಸ್ವಾಮಿ. ಪತ್ರಿಕೆಯ ಮಾಲೀಕ ಸದಾಶಿವಯ್ಯನವರದೇ ಒಂದು ಕೊಬ್ಬರಿ ಮಂಡಿ ಇದೆ. ಅನುಮಾನಕ್ಕೆ ಇನ್ನೇನು ಬೇಕು?

‘ತೆಂಗುಸೀಮೆ’ ೧೯೬೮ರಲ್ಲಿ ವಾರಪತ್ರಿಕೆಯಾಗಿ ಹುಟ್ಟಿ, ಮದುವೆ ಸುದ್ದಿ, ಕಚೇರಿ ಪ್ರಕಟಣೆ ಹಾಕಿಕೊಂಡು ಏದುಸಿರು ಬಿಡುತ್ತಿತ್ತು. ೧೯೭೪ರಲ್ಲಿ ದಿನಪತ್ರಿಕೆಯಾಗಿ ಧಾರಣೆ ಹಾಕತೊಡಗಿದ ಮೇಲೆ ಚಿಕ್ಕನಾಯಕನಹಳ್ಳಿಯವರೆಗೂ ಓದುಗರು ಸಿಕ್ಕರು. ಈಗ, ಎಂಬತ್ತೆರಡರಲ್ಲಿ, ದಿನಕ್ಕೆ ಎಂಟು ನೂರು ಪ್ರತಿ. ಸಂಪಾದಕರು ಬಂದರು, ಹೋದರು. ಗಿಡ್ಡಯ್ಯ ಮಾತ್ರ ಮೊದಲ ಸಂಚಿಕೆಯಿಂದ ಇದ್ದಾರೆ. ಅವರ ಹೆಸರು ಪತ್ರಿಕೆಯಲ್ಲಿ ಒಮ್ಮೆಯೂ ಬಂದಿಲ್ಲ.

ಚೌಕ ಯಾಕೆ ಖಾಲಿ ಎಂದು ನೇರವಾಗಿಯೇ ಕೇಳುತ್ತೇನೆ. ಅವರು ಕೈಕೆಲಸ ನಿಲ್ಲಿಸುವುದಿಲ್ಲ.

“ಮೊದ್ಲು ಆ ಚೌಕದ ಮೊಳೆ ಬಿಚ್ತಾನೇ ಇರ್ಲಿಲ್ಲ ಸ್ವಾಮಿ. ಅಂಕಿ ಮಾತ್ರ ಬದ್ಲಾಯ್ಸೋದು. ಒಂದಿನ ಕಾಲ್ ಬರ್ಲಿಲ್ಲ, ಹಿಂದಿನ ದಿನದ ಅಂಕಿನೇ ಅಚ್ಚಾಗೋಯ್ತು. ಹಾಲ್ಕುರಿಕೆ ಭೈರಮ್ಮ ಅದನ್ನೇ ನಂಬ್ಕೊಂಡು, ಮನೆ ಬಾಗ್ಲಿಗೆ ಬಂದ ದಲ್ಲಾಳಿಗೆ ವರ್ಷದ ಕೊಬ್ರಿನೆಲ್ಲ ತೂಗ್ಬುಟ್ಳು. ಅವತ್ತು ಧಾರಣೆ ಏರಿತ್ತು. ಆಯಮ್ಮ ಬಂದು ಬೈಲಿಲ್ಲ. ‘ಪೇಪರ್ನಾಗೆ ಬಂದಿತ್ತಲ್ಲಪ್ಪ’ ಅಂದ್ಳು, ಅಷ್ಟೇ.”

ಅಂದಿನಿಂದ ಪತ್ರಿಕೆ ಅಚ್ಚಾದ ಕೂಡಲೇ ಅವರು ಆ ಅಂಕಿಗಳನ್ನು ಕಿತ್ತು ಖಾನೆಗೆ ಹಾಕಿಬಿಡುತ್ತಾರೆ. ಕಾಲ್ ಬರದಿದ್ದರೆ ಚೌಕ ಖಾಲಿಯೇ ಹೋಗುತ್ತದೆ. ಹರಾಜಿನ ದಿನ ಊರಿನ ಮಂಡಿಗಳೆಲ್ಲ ಟ್ರಂಕ್ ಕಾಲ್‌ಗೆ ಮುಗಿಬೀಳುವುದರಿಂದ ಲೈನು ಸಿಗುವುದೇ ಕಷ್ಟವಂತೆ. ಕೇಳಲು ಚೆನ್ನಾಗಿದೆ. ಕಥೆ ಕಟ್ಟುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಷ್ಟರಲ್ಲಿ ಸದಾಶಿವಯ್ಯನವರು ಒಳಗೆ ಬರುತ್ತಾರೆ. “ಬಸ್ಸು ಹೊರಟೋಗ್ತೈತೆ, ನಿನ್ನೇದೇ ಹಾಕು ಗಿಡ್ಡಯ್ಯ. ಖಾಲಿ ಬಿಟ್ರೆ ಜನ ನನ್ನ ಮಂಡಿ ಕಡೆ ಬೆರಳು ತೋರಿಸ್ತಾರೆ. ಹಾಕಲ್ಲ ಅಂದ್ರೆ ನಾಳೆಯಿಂದ ಬರ್ಬೇಡ.”

“ನಿನ್ನೇದು ಹಾಕಾಕಾಗಕಿಲ್ಲ ಯಜಮಾನ್ರೇ.”

ಗಿಡ್ಡಯ್ಯ ಖಾಲಿ ಚೌಕವನ್ನೇ ಬಿಗಿದು ಪುಟವನ್ನು ಯಂತ್ರಕ್ಕೆ ಏರಿಸುತ್ತಾರೆ. ಸದಾಶಿವಯ್ಯನವರು ನನ್ನನ್ನೂ ಸೇರಿಸಿ ದುರುಗುಟ್ಟಿ ನೋಡಿ ಹೊರನಡೆಯುತ್ತಾರೆ. ನಾಳೆ ಈ ಮನುಷ್ಯನಿಗೆ ಕೆಲಸ ಇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮಂಡಿಯವರ ದುಡ್ಡು ತಿಂದವನು ಮಂಡಿಯ ಯಜಮಾನನಿಗೇ ಹೀಗೆ ಎದುರು ನಿಲ್ಲುವುದಿಲ್ಲ. ನನ್ನ ಅನುಮಾನ ಅಲ್ಲಿಗೆ ಸಡಿಲವಾಗುತ್ತದೆ.

ಕಟ್ಟುಗಳು ಬಸ್ಸೇರಿದ ಮೇಲೆ ಮಾಯಸಂದ್ರದ ಮಾತನ್ನು ಅವರಿಗೆ ಹೇಳುತ್ತೇನೆ. ಕೋಪ ಬರಬಹುದೆಂದುಕೊಂಡಿದ್ದೆ. ಗಿಡ್ಡಯ್ಯ ಸೀಮೆಎಣ್ಣೆಯಲ್ಲಿ ಮಸಿ ಕೈ ಉಜ್ಜಿಕೊಳ್ಳುತ್ತಾರೆ.

“ಅನುಮಾನ ಪಟ್ಕೊಳ್ಳಿ ಬುಡಿ ಸ್ವಾಮಿ. ಅನುಮಾನ ಬಂದೋರು ನಾಕು ಕಡೆ ವಿಚಾರ್ಸಿ ಮಾರ್ತಾರೆ. ನಂಬಿದೋರು ಹಂಗೇ ತೂಗ್ಬುಡ್ತಾರೆ.”